ಪೆಟ್ರೋಲ್ ರೇಟು ಏರಿದರೆ ಯಾರನ್ನು ಕೇಳೋದು?

ನಮ್ಮ ಕಡೆ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ಪೆಟ್ರೋಲ್ ಹಾಕಿಸುವವರು ಕಡಿಮೆ. ‘ನೂರಕ್ಕೆ ಹಾಕಣ್ಣ’ ಅನ್ನೋದೇ ರೂಢಿ. ಹದಿನೈದು ವರ್ಷದ ಹಿಂದೆ ಅದೇ ಮಾತು ‘ಐವತ್ತಕ್ಕೆ ಹಾಕಣ್ಣ’ ಅಂತ ಇತ್ತು. ರೂಪಾಯಿ ಲೆಕ್ಕದಲ್ಲಿ ಹಾಕಿಸಿದರೆ ರೇಟು ಏರಿದ್ದು ಬಂಕಿನಲ್ಲಿ ಗೊತ್ತಾಗುವುದಿಲ್ಲ. ದೊಡ್ಡಬಳ್ಳಾಪುರದಿಂದ ರಾತ್ರಿ ವಾಪಸ್ ಬರುವಾಗ, ಊರು ಇನ್ನೂ ಎರಡು ಕಿಲೋಮೀಟರ್ ಇದೆ ಅನ್ನುವಲ್ಲಿ ಗಾಡಿ ನಿಂತಾಗ ಗೊತ್ತಾಗುತ್ತದೆ.

ಆಗ ಸಿಟ್ಟು ಬರುತ್ತದೆ. ಆದರೆ ಯಾರ ಮೇಲೆ? ಬಂಕಿನ ಹುಡುಗನ ಮೇಲೆ ರೇಗಿದರೆ ‘ನಮ್ ಕೈಲಿ ಏನೈತಣ್ಣ, ಬೆಳಿಗ್ಗೆ ಆರಕ್ಕೆ ರೇಟು ಬದಲಾಗಿರ್ತದೆ’ ಅನ್ನುತ್ತಾನೆ. ಮಾಲೀಕರು ಕಂಪನಿಯ ಕಡೆ ಕೈ ತೋರಿಸುತ್ತಾರೆ. ಕಂಪನಿಯವರು ಅರಬ್ ದೇಶಗಳ ಕಡೆ, ಡಾಲರ್ ಕಡೆ ತೋರಿಸುತ್ತಾರೆ. ದೆಹಲಿಯವರು ರಾಜ್ಯದ ತೆರಿಗೆ ನೋಡಿ ಅನ್ನುತ್ತಾರೆ, ಬೆಂಗಳೂರಿನವರು ದೆಹಲಿಯ ಸುಂಕ ನೋಡಿ ಅನ್ನುತ್ತಾರೆ.

ತೈಲ ಬೆಲೆಯ ಪ್ರತಿಭಟನೆಗಳನ್ನು ನಾವು ಎಷ್ಟು ಸಲ ವರದಿ ಮಾಡಿದ್ದೇವೋ ಲೆಕ್ಕವಿಲ್ಲ. ಬೈಕಿಗೆ ಹೂವಿನ ಹಾರ, ಖಾಲಿ ಸಿಲಿಂಡರಿಗೆ ಇನ್ನೊಂದು ಹಾರ, ರಸ್ತೆ ಮೇಲೆ ಸೌದೆ ಒಲೆ, ಬಾಡಿಗೆಗೆ ತಂದ ಒಂದು ಎತ್ತಿನಗಾಡಿ, ಕೊನೆಗೆ ತಹಶೀಲ್ದಾರರಿಗೆ ಒಂದು ಮನವಿ. ತಹಶೀಲ್ದಾರರು ಪಾಪ ಹೊರಗೆ ಬಂದು ಗಂಭೀರವಾಗಿ ಮನವಿ ತೆಗೆದುಕೊಂಡು ‘ಮೇಲಕ್ಕೆ ಕಳಿಸ್ತೀವಿ’ ಅನ್ನುತ್ತಾರೆ. ಬೆಂಗಳೂರಲ್ಲಿ ಯಾರ ಸರ್ಕಾರ, ದೆಹಲಿಯಲ್ಲಿ ಯಾರ ಸರ್ಕಾರ ಅನ್ನುವುದರ ಮೇಲೆ ಬಾವುಟದ ಬಣ್ಣ ಬದಲಾಗುತ್ತದೆ. ಬೈಕಿಗೆ ಹಾಕುವ ಹಾರ ಅದೇ.

ಒಂದು ಕಾಲದಲ್ಲಿ ‘ಯಾರನ್ನು ಕೇಳೋದು’ ಅನ್ನುವ ಪ್ರಶ್ನೆಗೆ ನೇರ ಉತ್ತರವಿತ್ತು. ಅದು ಹೇಗೆ ಕಳೆದುಹೋಯಿತು ಅನ್ನುವುದನ್ನು ಹುಡುಕಿಕೊಂಡು ಹೋಗೋಣ.

ಹಳೆಯ ತಲೆಮಾರಿನವರಿಗೆ ಪೆಟ್ರೋಲಿನ ತೊಂದರೆ ಅಂದರೆ ರೇಟಿನ ತೊಂದರೆ ಅಲ್ಲ, ಸಿಗದೇ ಇರುವ ತೊಂದರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗಿತು. ಶತ್ರುವಿನ ಕೈಗೆ ಸಿಗಬಾರದೆಂದು ಬ್ರಿಟಿಷರೇ ರಂಗೂನ್ ಹತ್ತಿರದ ಸಿರಿಯಂ ತೈಲ ಶುದ್ಧೀಕರಣ ಘಟಕವನ್ನು ಸುಟ್ಟುಹಾಕಿದರು. ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತಿತು. ಆಗ ನಮ್ಮ ರಸ್ತೆಗಳಲ್ಲಿ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದವು. ಬಸ್ಸಿಗೆ ಡ್ರಮ್ಮಿನಂಥ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬರುವ ಅನಿಲದಿಂದ ಇಂಜಿನ್ ಓಡಿಸುವುದು. ಬೆಳಿಗ್ಗೆ ಎದ್ದು ಒಲೆಗೆ ಗಾಳಿ ಹಾಕಿ ಹೊತ್ತಿಸಬೇಕು. ದಿಣ್ಣೆ ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಟಿಕೆಟ್ ಕೊಟ್ಟು ಬಸ್ ತಳ್ಳಿದ ಕಥೆಯನ್ನು ಅಜ್ಜಂದಿರು ನಗುತ್ತಾ ಹೇಳುತ್ತಿದ್ದರು. ಯುದ್ಧ ಅಂದಮೇಲೆ ಯುದ್ಧ, ಯಾರನ್ನು ಕೇಳೋದು ಅನ್ನುವ ಮಾತೇ ಇರಲಿಲ್ಲ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಈಗಿನ ಕೆ.ಎಸ್.ಆರ್.ಟಿ.ಸಿ.ಯ ಮೂಲ ಅದು. ಮುಂದೆ ಹಳ್ಳಿಗಳಿಗೆ ಒಂದೊಂದಾಗಿ ಬಸ್ ಬಂತು, ಟ್ರಾಕ್ಟರ್ ಬಂತು, ಪವರ್ ಟಿಲ್ಲರ್ ಬಂತು. ಗಾಡಿ ಕಟ್ಟುತ್ತಿದ್ದ ಮನೆಗಳು ಮೆಲ್ಲಗೆ ಡೀಸೆಲ್ಲಿಗೆ ಗಂಟು ಬಿದ್ದವು. ಹಾಗೆ ಗಂಟು ಬಿದ್ದದ್ದು ನಮಗೆ ಗೊತ್ತಾದದ್ದು 1973ರಲ್ಲಿ.

ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ನಾವು ರಾಜ್ಯೋತ್ಸವದಲ್ಲಿ ಅದನ್ನು ಮಾತ್ರ ನೆನೆಯುತ್ತೇವೆ. ಅದೇ ದಿನಗಳಲ್ಲಿ ಜಗತ್ತು ಎಣ್ಣೆಗಾಗಿ ಬಾಯಿ ಬಿಡುತ್ತಿತ್ತು. ಅಕ್ಟೋಬರಿನಲ್ಲಿ ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಯುದ್ಧ ನಡೆದು, ಅರಬ್ ದೇಶಗಳು ಎಣ್ಣೆಗೆ ನಿರ್ಬಂಧ ಹಾಕಿದ್ದವು. ಬ್ಯಾರಲ್ಲಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾತೈಲ 1974ರ ಆರಂಭದ ಹೊತ್ತಿಗೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಇಂದಿರಾ ಗಾಂಧಿಯವರ ಸರ್ಕಾರ ಪೆಟ್ರೋಲ್, ಸೀಮೆಎಣ್ಣೆ ಬೆಲೆ ಏರಿಸಿತು. ಪೆಟ್ರೋಲ್ ಉಳಿಸಿ ಅಂತ ತೋರಿಸುವುದಕ್ಕೆ ಇಂದಿರಾ ಅವರೇ ಕುದುರೆ ಸಾರೋಟಿನಲ್ಲಿ ಕೂತು ಹೋದರು. ನವೆಂಬರ್ 12ರಂದು ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಬೆಲೆ ಏರಿಕೆ ವಿರೋಧಿಸಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು.

ಸಾರೋಟು ಒಂದು ಕಡೆ, ಎತ್ತಿನಗಾಡಿ ಒಂದು ಕಡೆ. ನೋಡುವವರಿಗೆ ನಾಟಕ ಅನ್ನಿಸಬಹುದು. ಆದರೆ ಒಂದು ವಿಷಯ ಸ್ಪಷ್ಟವಿತ್ತು. ಬೆಲೆ ಏರಿಸಿದ್ದು ಸರ್ಕಾರ, ಸರ್ಕಾರ ಇರುವುದು ಸಂಸತ್ತಿನಲ್ಲಿ, ಹಾಗಾಗಿ ಗಾಡಿ ಹೋಗಬೇಕಾದ್ದು ಸಂಸತ್ತಿಗೆ.

ಆಮೇಲಿನ ವರ್ಷಗಳಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಎಸ್ಸೊ, ಬರ್ಮಾ ಶೆಲ್, ಕಾಲ್ಟೆಕ್ಸ್ ಎಂಬ ವಿದೇಶಿ ಕಂಪನಿಗಳನ್ನು 1974ರಿಂದ 1976ರ ನಡುವೆ ಸರ್ಕಾರ ವಹಿಸಿಕೊಂಡಿತು. ಈಗ ನಮ್ಮ ಹೆದ್ದಾರಿಗಳಲ್ಲಿ ಕಾಣುವ ಎಚ್.ಪಿ., ಭಾರತ್ ಬಂಕುಗಳ ಹಿಂದಿನ ಕಥೆ ಇದು. ಬೆಲೆಯನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುವ ಪದ್ಧತಿ ಬಂತು. ಏರಿಸಬೇಕಾದಾಗ ಮಂತ್ರಿಗಳು ಘೋಷಿಸುತ್ತಿದ್ದರು. ‘ಇಂದು ಮಧ್ಯರಾತ್ರಿಯಿಂದ ಜಾರಿ’ ಎಂಬ ಸುದ್ದಿ ಬಂದ ಕೂಡಲೇ ಕ್ಯಾನ್ ಹಿಡಿದು ಬಂಕಿಗೆ ಓಡುವುದು, ಬಂಕಿನವರು ‘ನೋ ಸ್ಟಾಕ್’ ಬೋರ್ಡ್ ಹಾಕುವುದು, ಅಲ್ಲೊಂದು ಸಣ್ಣ ಜಗಳ. ಇದೆಲ್ಲ ನಮ್ಮ ವಯಸ್ಸಿನವರೂ ನೋಡಿದ್ದೇವೆ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗಲೂ ಹೀಗೇ, ಎಣ್ಣೆಯ ಮೇಲೆ ‘ಗಲ್ಫ್ ಸರ್ಚಾರ್ಜ್’ ಹಾಕಿದ್ದು ದೆಹಲಿ, ಬೈಸಿಕೊಂಡದ್ದೂ ದೆಹಲಿ.

ಆ ಪದ್ಧತಿ ಒಳ್ಳೆಯದಿತ್ತು ಅಂತ ನಾವು ಹೇಳುತ್ತಿಲ್ಲ. ಕಡಿಮೆಗೆ ಮಾರಿದ ನಷ್ಟ ಎಲ್ಲೋ ಒಂದು ಕಡೆ ಗುಡ್ಡೆಯಾಗುತ್ತಿತ್ತು. ಸೀಮೆಎಣ್ಣೆ ಅಗ್ಗ ಅಂತ ಅದನ್ನು ಡೀಸೆಲ್ಲಿಗೆ ಬೆರೆಸುವ ದಂಧೆ ಬೆಳೆದಿತ್ತು. ಆದರೆ ಬೆಲೆಗೆ ಒಬ್ಬ ಯಜಮಾನ ಇದ್ದ.

2002ರ ಏಪ್ರಿಲ್ 1ಕ್ಕೆ ಆ ಪದ್ಧತಿ ಕಾಗದದ ಮೇಲೆ ಮುಗಿಯಿತು, ಆದರೂ ಸರ್ಕಾರ ಹಿಡಿತ ಬಿಡಲಿಲ್ಲ. ನಿಜವಾಗಿ ಬಿಟ್ಟದ್ದು 2010ರ ಜೂನಿನಲ್ಲಿ, ಮನಮೋಹನ್ ಸಿಂಗ್ ಸರ್ಕಾರ ಪೆಟ್ರೋಲ್ ಬೆಲೆಯನ್ನು ಕಂಪನಿಗಳಿಗೆ ಬಿಟ್ಟುಕೊಟ್ಟಾಗ. ಡೀಸೆಲ್ಲನ್ನು ಬಿಟ್ಟುಕೊಟ್ಟದ್ದು 2014ರ ಅಕ್ಟೋಬರಿನಲ್ಲಿ, ಮೋದಿ ಸರ್ಕಾರ. ಇಬ್ಬರೂ ಒಂದೇ ದಾರಿಯಲ್ಲಿ ನಡೆದವರೇ. ನಡುವೆ 2012ರ ಮೇ ತಿಂಗಳಲ್ಲಿ ದೆಹಲಿಯ ಲೆಕ್ಕಕ್ಕೆ ಒಂದೇ ಏಟಿಗೆ 7 ರೂಪಾಯಿ 54 ಪೈಸೆ ಏರಿತು. ಮೇ 31ಕ್ಕೆ ಭಾರತ ಬಂದ್ ಆಯಿತು. ಜೂನ್ ಮೊದಲ ವಾರ ಸುಮಾರು 2 ರೂಪಾಯಿ ಇಳಿಯಿತು. ಕಚ್ಚಾತೈಲ ಇಳಿದದ್ದಕ್ಕೆ ಇಳಿಸಿದೆವು ಅಂದರು ಕಂಪನಿಯವರು. ಇರಬಹುದು. ಜನ ಮಾತ್ರ ಬಂದ್ ಮಾಡಿದ್ದಕ್ಕೆ ಇಳಿಯಿತು ಅಂದುಕೊಂಡರು.

2017ರ ಜೂನ್ 16ರಿಂದ ಇಡೀ ದೇಶದಲ್ಲಿ ದಿನಾ ಬೆಲೆ ಪರಿಷ್ಕರಣೆ ಶುರುವಾಯಿತು. ಮಧ್ಯರಾತ್ರಿ ಬದಲಾಯಿಸುವುದು ಕಷ್ಟ ಅಂತ ಬಂಕ್ ಮಾಲೀಕರು ಪಟ್ಟು ಹಿಡಿದದ್ದರಿಂದ ಬೆಳಿಗ್ಗೆ 6 ಗಂಟೆ ಅಂತಾಯಿತು. ಒಂದು ದಿನ 12 ಪೈಸೆ, ಇನ್ನೊಂದು ದಿನ 21 ಪೈಸೆ. ಇಷ್ಟು ಪೈಸೆಗೆ ಬಂದ್ ಮಾಡಲು ಯಾರು ಬರುತ್ತಾರೆ? ಮಂತ್ರಿಗಳ ಘೋಷಣೆ ಇಲ್ಲ, ಮಧ್ಯರಾತ್ರಿಯ ಕ್ಯೂ ಇಲ್ಲ. ಏಳು ರೂಪಾಯಿಯ ಏಟು ನೋವಾಗುತ್ತದೆ. ಅದೇ ಏಳು ರೂಪಾಯಿಯನ್ನು ಎರಡು ತಿಂಗಳು ಹನಿಹನಿಯಾಗಿ ತೆಗೆದರೆ ಕೈಗೆ ಸಿಗುವುದು ಖಾಲಿ ಪರ್ಸ್ ಮಾತ್ರ, ತೆಗೆದವನು ಸಿಗುವುದಿಲ್ಲ.

ಈ ವ್ಯವಸ್ಥೆಯ ಒಳಗುಟ್ಟು ಬಯಲಾದದ್ದು ನಮ್ಮ ರಾಜ್ಯದಲ್ಲಿಯೇ. 2018ರ ಮೇ 12ಕ್ಕೆ ವಿಧಾನಸಭೆ ಮತದಾನ. ಏಪ್ರಿಲ್ 24ರಿಂದ ಪೆಟ್ರೋಲ್, ಡೀಸೆಲ್ ಬೆಲೆ ಇದ್ದಲ್ಲೇ ನಿಂತಿತು. ಹೊರಗೆ ಕಚ್ಚಾತೈಲ ಏರುತ್ತಿತ್ತು, ನಮ್ಮ ಬಂಕಿನ ಬೋರ್ಡ್ ಅಲುಗಾಡಲಿಲ್ಲ. 19 ದಿನ ಹಾಗೇ ಇತ್ತು. ಮತ ಹಾಕಿ ಬೆರಳ ಶಾಯಿ ಒಣಗಿತ್ತು ಅಷ್ಟೇ, ಮೇ 14ರ ಬೆಳಿಗ್ಗೆಯಿಂದ ಏರತೊಡಗಿತು. 16 ದಿನ ಬಿಡದೆ ಏರಿ, ಪೆಟ್ರೋಲಿಗೆ ದೆಹಲಿ ಲೆಕ್ಕದಲ್ಲಿ 3 ರೂಪಾಯಿ 80 ಪೈಸೆಯಷ್ಟಾಯಿತು. ಮೇ 30ಕ್ಕೆ ಇಳಿಸಿದರು. ಎಷ್ಟು ಗೊತ್ತೇ? ಒಂದು ಪೈಸೆ. ಮೊದಲು 60 ಪೈಸೆ ಅಂತ ಪ್ರಕಟಿಸಿ, ಲೆಕ್ಕ ತಪ್ಪಾಯಿತು ಅಂತ ಒಂದು ಪೈಸೆಗೆ ತಿದ್ದಿದರು.

ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ ಅಂತ ಕಂಪನಿಯವರು ಹೇಳಿದರು. ನಾವು ಅವರ ಮಾತನ್ನು ಹಾಗೇ ಬರೆದೆವು, ಬರೆಯುವುದು ನಮ್ಮ ಕೆಲಸ. ಆದರೆ ಆಗ ಟೀ ಅಂಗಡಿಯಲ್ಲಿ ಜನ ಪೇಪರ್ ನೋಡದೆಯೇ ಒಂದು ಸೂತ್ರ ಕಂಡುಕೊಂಡಿದ್ದರು: ಚುನಾವಣೆ ಇದ್ದರೆ ರೇಟು ನಿಲ್ಲುತ್ತದೆ. ನಿಲ್ಲಿಸಲು ಬರುತ್ತದೆ ಅಂದಮೇಲೆ ನಿಲ್ಲಿಸುವ ಕೈ ಒಂದು ಇರಲೇಬೇಕು. ಯಜಮಾನ ಮನೆ ಬಿಟ್ಟು ಹೋಗಿರಲಿಲ್ಲ, ಬಾಗಿಲು ಹಾಕಿಕೊಂಡು ಒಳಗೇ ಇದ್ದ. (ಜಿಲ್ಲಾ ಪಂಚಾಯ್ತಿ ಚುನಾವಣೆಗೆ ರೇಟು ನಿಂತದ್ದನ್ನು ಮಾತ್ರ ನಾವು ಕಂಡಿಲ್ಲ. ಆ ಚುನಾವಣೆಯೇ ನಡೆಯುತ್ತಿಲ್ಲ ಅನ್ನುವುದು ಬೇರೆ ಮಾತು.)

ಇನ್ನು ತೆರಿಗೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ಇರುತ್ತದೆ. ರಾಜ್ಯದ ಮಾರಾಟ ತೆರಿಗೆ ನೂರಕ್ಕೆ ಇಷ್ಟು ಅಂತ. ರಾಜ್ಯ ಆ ಶೇಕಡಾ ಲೆಕ್ಕ ಹಾಕುವುದು ಎಣ್ಣೆಯ ಬೆಲೆ ಮತ್ತು ಕೇಂದ್ರದ ಸುಂಕ ಎರಡೂ ಸೇರಿದ ಮೊತ್ತದ ಮೇಲೆ. ಅಂದರೆ ದೆಹಲಿ ಸುಂಕ ಏರಿಸಿದರೆ ಬೆಂಗಳೂರಿನ ಪಾಲೂ ತಾನಾಗಿಯೇ ಏರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಾರೆ, ಬೈಯುತ್ತಲೇ ಇಬ್ಬರ ಜೇಬೂ ತುಂಬುತ್ತದೆ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಪೆಟ್ರೋಲ್, ಡೀಸೆಲ್ಲನ್ನು ಅದರಿಂದ ಹೊರಗೆ ಇಟ್ಟದ್ದು ಸುಮ್ಮನೆ ಅಲ್ಲ.

ನಮ್ಮ ರಾಜ್ಯದಲ್ಲಿ ಯಾರು ಏರಿಸಿದರು ಅಂತ ಕೇಳಿದರೆ ಎಲ್ಲರೂ ಅನ್ನಬೇಕು. 2018ರ ಜುಲೈ ಬಜೆಟ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ಸಾಲ ಮನ್ನಾಕ್ಕೆ ದುಡ್ಡು ಹೊಂದಿಸಲು ಪೆಟ್ರೋಲ್ ತೆರಿಗೆಯನ್ನು ಶೇ 30ರಿಂದ 32ಕ್ಕೆ, ಡೀಸೆಲ್ ತೆರಿಗೆಯನ್ನು ಶೇ 19ರಿಂದ 21ಕ್ಕೆ ಏರಿಸಿದರು. ಸಾಲ ಮನ್ನಾ ರೈತನಿಗೆ, ಟ್ರಾಕ್ಟರಿನ ಡೀಸೆಲ್ಲೂ ರೈತನದೇ. ಸೆಪ್ಟೆಂಬರ್ 10ಕ್ಕೆ ಭಾರತ ಬಂದ್ ಆಯಿತು, ಬಸ್ಸುಗಳು ನಿಂತವು. ಒಂದು ವಾರದ ಮೇಲೆ ಅವರೇ 2 ರೂಪಾಯಿ ಇಳಿಸಿದರು. 2019ರ ಜನವರಿಯಲ್ಲಿ ತೆರಿಗೆ ಮತ್ತೆ ಹಳೆಯ ಜಾಗಕ್ಕೆ ಬಂತು, ಅದಕ್ಕೆ ಅಷ್ಟು ಸದ್ದಾಗಲಿಲ್ಲ. 2020ರ ಬಜೆಟ್‌ನಲ್ಲಿ ಬಿ.ಎಸ್. ಯಡಿಯೂರಪ್ಪ ಅದನ್ನು ಶೇ 35 ಮತ್ತು ಶೇ 24 ಮಾಡಿದರು.

ಅದೇ 2020ರಲ್ಲಿ ಲಾಕ್‌ಡೌನ್. ಜಗತ್ತಿನಲ್ಲಿ ಎಣ್ಣೆ ಕೇಳುವವರಿಲ್ಲದೆ ಏಪ್ರಿಲಿನಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಒಂದು ದಿನ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ಹೂವು, ದ್ರಾಕ್ಷಿ, ಟೊಮೆಟೊ ಕೊಳ್ಳುವವರಿಲ್ಲದೆ ನಮ್ಮ ತಾಲೂಕುಗಳ ರೈತರು ತೋಟದಲ್ಲೇ ಬಿಟ್ಟ ದಿನಗಳು ಅವು. ಡೀಸೆಲ್ಲಾದರೂ ಇಳಿಯಬಹುದು ಅಂದುಕೊಂಡರೆ, ಮೇ ತಿಂಗಳ ಮೊದಲ ವಾರ ಕೇಂದ್ರ ಸುಂಕವನ್ನು ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಏರಿಸಿತು. ಪೆಟ್ರೋಲ್ ಮೇಲಿನ ಸುಂಕ 32.98 ರೂಪಾಯಿ, ಡೀಸೆಲ್ ಮೇಲೆ 31.83 ರೂಪಾಯಿ. ಇಳಿಯಬೇಕಾದ ಬೆಲೆಯ ಜಾಗದಲ್ಲಿ ತೆರಿಗೆ ಕೂತುಕೊಂಡಿತು. ಇನ್ನೊಂದು ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮರುವರ್ಷದ ಬಜೆಟ್ ನಂತರ ಪೆಟ್ರೋಲ್ ಮೇಲಿನ ಆ ಸುಂಕದಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವ ಮೂಲ ಸುಂಕ ಲೀಟರಿಗೆ ಬರೀ 1 ರೂಪಾಯಿ 40 ಪೈಸೆ. ಉಳಿದದ್ದೆಲ್ಲ ಸೆಸ್, ಹೆಚ್ಚುವರಿ ಸುಂಕ ಎಂಬ ಹೆಸರಲ್ಲಿ ಕೇಂದ್ರದ್ದೇ.

2021ರ ಜೂನಿನಲ್ಲಿ ಬೆಂಗಳೂರಲ್ಲಿ ಪೆಟ್ರೋಲ್ ನೂರು ದಾಟಿತು. ಕಾಂಗ್ರೆಸ್‌ನವರು ‘100 ನಾಟೌಟ್’ ಅಂತ ಬಂಕುಗಳ ಮುಂದೆ ನಿಂತರು. ಸೆಪ್ಟೆಂಬರ್ 13ಕ್ಕೆ ಅಧಿವೇಶನದ ಮೊದಲ ದಿನ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಎತ್ತಿನಗಾಡಿಯಲ್ಲಿ ವಿಧಾನಸೌಧಕ್ಕೆ ಬಂದರು. 1973ರ ಗಾಡಿ 48 ವರ್ಷದ ಮೇಲೆ ಬೇರೆ ಪಕ್ಷದವರನ್ನು ಹತ್ತಿಸಿಕೊಂಡು ಬೇರೆ ಊರಿಗೆ ಬಂದಿತ್ತು. ಬಡವನ ಗಾಡಿ ಅಂತ ಅದನ್ನು ತೋರಿಸುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬಂದು ಒಂದು ಜೊತೆ ಹಳ್ಳಿಕಾರ್ ಹೋರಿಗೆ ಎಷ್ಟು ಲಕ್ಷ ಹೇಳುತ್ತಾರೆ ಕೇಳಿ ನೋಡಿ. ಪ್ರತಿಭಟನೆಗೆ ಗಾಡಿ ಬೇಕಾದರೆ ಈಗ ನಾಲ್ಕು ಊರು ಫೋನ್ ಮಾಡಬೇಕು.

ಆ ವರ್ಷ ನವೆಂಬರ್ 3ಕ್ಕೆ ಬೆಂಗಳೂರಲ್ಲಿ ಪೆಟ್ರೋಲ್ 113.93, ಡೀಸೆಲ್ 104.50. ಹಿಂದಿನ ದಿನವಷ್ಟೇ ಹಾನಗಲ್ ಸೇರಿದಂತೆ ದೇಶದ ಹಲವು ಉಪಚುನಾವಣೆಗಳ ಫಲಿತಾಂಶ ಬಂದಿತ್ತು, ಹಾನಗಲ್‌ನಲ್ಲಿ ಆಳುವ ಬಿ.ಜೆ.ಪಿ. ಸೋತಿತ್ತು. ಆ ಸಂಜೆ ಕೇಂದ್ರ ಪೆಟ್ರೋಲಿಗೆ 5, ಡೀಸೆಲ್ಲಿಗೆ 10 ರೂಪಾಯಿ ಸುಂಕ ಇಳಿಸಿತು. ಬಸವರಾಜ ಬೊಮ್ಮಾಯಿ ಸರ್ಕಾರ ತಾನೂ 7 ರೂಪಾಯಿ ಬಿಟ್ಟಿತು. ದೀಪಾವಳಿ ಕೊಡುಗೆ ಅಂದರು. ಡೀಸೆಲ್ 85.01ಕ್ಕೆ ಬಂತು. ಮುಂದೆ ಉತ್ತರ ಪ್ರದೇಶ ಮೊದಲಾದ ರಾಜ್ಯಗಳ ಚುನಾವಣೆ ಮುಗಿಯುವವರೆಗೆ, 137 ದಿನ, ಬೋರ್ಡ್ ಅಲುಗಾಡಲಿಲ್ಲ. 2022ರ ಮಾರ್ಚ್ 22ಕ್ಕೆ ಮತ್ತೆ ಶುರು.

2024ರದ್ದು ಎಲ್ಲರಿಗೂ ನೆನಪಿದೆ. ಮಾರ್ಚ್ 15ಕ್ಕೆ 2 ರೂಪಾಯಿ ಇಳಿಕೆ, ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ದಿನಾಂಕ ಪ್ರಕಟ. ಜೂನ್ 4ಕ್ಕೆ ಫಲಿತಾಂಶ, ಜೂನ್ 15ಕ್ಕೆ ಸಿದ್ದರಾಮಯ್ಯ ಸರ್ಕಾರ ಪೆಟ್ರೋಲ್ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಪೆಟ್ರೋಲ್ 3 ರೂಪಾಯಿ ಏರಿ 102.86. ಗಾಡಿ ಹತ್ತಿ ಬಂದವರೇ ಈಗ ‘ಪಕ್ಕದ ರಾಜ್ಯಕ್ಕಿಂತ ನಮ್ಮಲ್ಲೇ ಕಡಿಮೆ’ ಅಂದರು. ಬಿ.ಜೆ.ಪಿ.ಯವರು ಸೈಕಲ್ ಹತ್ತಿದರು. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆ ಶೇ 21.17 ಆಗಿ ರೇಟು 91.02ಕ್ಕೆ ಹೋಯಿತು. ಅದೇ ತಿಂಗಳು ಕೇಂದ್ರವೂ 2 ರೂಪಾಯಿ ಸುಂಕ ಏರಿಸಿತು, ಅದನ್ನು ಬಂಕಿನಲ್ಲಿ ತೋರಿಸಲಿಲ್ಲ. ಜಗತ್ತಿನಲ್ಲಿ ಕಚ್ಚಾತೈಲ ಇಳಿದಿತ್ತು, ನಮಗೆ ಇಳಿಯಬೇಕಾದದ್ದು ಅಲ್ಲೇ ಸುಂಕವಾಯಿತು.

ಏರಿದ ಡೀಸೆಲ್ಲನ್ನು ಎಲ್ಲರೂ ಒಂದೇ ಥರ ಹೊರುವುದಿಲ್ಲ. 2025ರ ಜನವರಿ 5ರಿಂದ ಸಾರಿಗೆ ನಿಗಮಗಳು ಟಿಕೆಟ್ ದರವನ್ನು ಶೇ 15 ಏರಿಸಿದವು. ಹತ್ತು ವರ್ಷದ ಹಿಂದೆ ನಾಲ್ಕೂ ನಿಗಮಗಳ ದಿನದ ಡೀಸೆಲ್ ಖರ್ಚು 9.16 ಕೋಟಿ ಇತ್ತು, ಈಗ 13.21 ಕೋಟಿ ಅಂತ ಸರ್ಕಾರ ಲೆಕ್ಕ ಕೊಟ್ಟಿತು. ಏಪ್ರಿಲ್ 14ರ ಮಧ್ಯರಾತ್ರಿಯಿಂದ ಲಾರಿ ಮಾಲೀಕರು ಮುಷ್ಕರ ಹೂಡಿದರು. ನೆಲಮಂಗಲದ ಹೆದ್ದಾರಿ ಬದಿಯಲ್ಲಿ ಲಾರಿಗಳು ನಿಂತವು, ಮುಖ್ಯಮಂತ್ರಿ ಕರೆದು ಮಾತಾಡಿದರು, ಮುಷ್ಕರ ಮುಗಿಯಿತು. ಬಸ್ಸಿನವರಿಗೆ ಟಿಕೆಟ್ ಇದೆ, ಲಾರಿಯವರಿಗೆ ಸಂಘ ಇದೆ, ಬಾಡಿಗೆ ಇದೆ.

ಹೊಸಕೋಟೆ ಕಡೆಯ ಒಬ್ಬ ತರಕಾರಿ ರೈತನ ಲೆಕ್ಕ ಹಿಡಿಯೋಣ. ತೋಟದಿಂದ ಬೆಂಗಳೂರು ಮಾರ್ಕೆಟ್‌ಗೆ ಹೋಗಿ ಬರಲು 80 ಕಿಲೋಮೀಟರ್. ಲಗೇಜ್ ಗಾಡಿ ಲೀಟರಿಗೆ 16 ಕೊಟ್ಟರೆ 5 ಲೀಟರ್ ಡೀಸೆಲ್. 85.01ರ ರೇಟಿಗೆ 425 ರೂಪಾಯಿ, 91.02ರ ರೇಟಿಗೆ 455, 104.50ರ ರೇಟಿಗೆ 522. ಗಾಡಿಯವನು ಈ ಹೆಚ್ಚಳವನ್ನು ಬಾಡಿಗೆಗೆ ಸೇರಿಸುತ್ತಾನೆ. ಅವನನ್ನು ದೂರಲಾಗದು. ರೈತ ಅದನ್ನು ಯಾವುದಕ್ಕೆ ಸೇರಿಸಬೇಕು? ಮಂಡಿಯಲ್ಲಿ ಟೊಮೆಟೊ ಬಾಕ್ಸಿಗೆ ಕೂಗುವ ರೇಟಿಗೆ ಅವನ ಡೀಸೆಲ್ ಲೆಕ್ಕ ಗೊತ್ತಿಲ್ಲ. ‘ಡೀಸೆಲ್ ಏರೈತೆ, ಬಾಕ್ಸಿಗೆ ಹತ್ತು ರೂಪಾಯಿ ಜಾಸ್ತಿ ಹಾಕಿ ಸ್ವಾಮಿ’ ಅಂದರೆ ಮಂಡಿಯವರು ನಗುತ್ತಾರೆ. ಉಳುಮೆಗೆ ಬರುವ ಟ್ರಾಕ್ಟರ್ ಗಂಟೆಗೆ ಏರಿಸುತ್ತದೆ, ಗೊಬ್ಬರ ತರುವ ಗಾಡಿ ಏರಿಸುತ್ತದೆ. ಏರಿಕೆ ಎಲ್ಲರ ಕೈ ದಾಟಿ ಬಂದು ಇವನ ಹತ್ತಿರ ನಿಲ್ಲುತ್ತದೆ.

ಸರ್ಕಾರಕ್ಕೆ ಇದು ಗೊತ್ತಿಲ್ಲದೆ ಇಲ್ಲ. 2022ರ ಬಜೆಟ್‌ನಲ್ಲಿ ‘ರೈತ ಶಕ್ತಿ’ ಅಂತ ಡೀಸೆಲ್ ಸಹಾಯಧನ ಘೋಷಿಸಿದ್ದರು: ಎಕರೆಗೆ 250 ರೂಪಾಯಿ, ಹೆಚ್ಚೆಂದರೆ ಐದು ಎಕರೆಗೆ. ಐದು ಎಕರೆ ಪೂರ್ತಿ ಇದ್ದವನಿಗೆ 1,250 ರೂಪಾಯಿ, ಮೇಲಿನ ಲೆಕ್ಕದ ಮಾರ್ಕೆಟ್ ಟ್ರಿಪ್ಪಿನಲ್ಲಿ ಮೂರು ಸಲ ಹೋಗಿಬರುವುದಕ್ಕೂ ಸಾಲದು. ಇವರೇ ನೂರಕ್ಕೆ ಇಷ್ಟು ಅಂತ ತೆಗೆದುಕೊಂಡು, ಇವರೇ ಅದರಲ್ಲಿ ಒಂದಿಷ್ಟು ಖಾತೆಗೆ ಹಾಕಿ, ಬ್ಯಾನರ್ ಕಟ್ಟುವುದು.

ಹೊಸಕೋಟೆ ತಾಲೂಕಿನ ದೇವನಗೊಂದಿಗೆ ನೀವು ಹೋಗಿದ್ದರೆ, ರೈಲು ನಿಲ್ದಾಣದ ಆಸುಪಾಸಿನಲ್ಲಿ ದೊಡ್ಡ ದೊಡ್ಡ ಬಿಳಿ ತೊಟ್ಟಿಗಳನ್ನು ನೋಡಿರುತ್ತೀರಿ. ಸರ್ಕಾರಿ ತೈಲ ಕಂಪನಿಗಳ ದಾಸ್ತಾನು ಕೇಂದ್ರಗಳು ಅವು. ಮಂಗಳೂರಿನ ಎಂ.ಆರ್.ಪಿ.ಎಲ್.ನಲ್ಲಿ ಶುದ್ಧವಾದ ಎಣ್ಣೆ ಹಾಸನದ ಮೇಲೆ 360 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆಯಲ್ಲಿ, ಘಟ್ಟ ಹತ್ತಿ, ನೆಲದೊಳಗೇ ಇಲ್ಲಿಗೆ ಬರುತ್ತದೆ. 2003ರಿಂದ ಹೀಗೆ ಬರುತ್ತಿದೆ. ಬೆಂಗಳೂರಿನ ಬಂಕುಗಳಿಗೆ ಟ್ಯಾಂಕರ್ ತುಂಬುವುದು ಇಲ್ಲಿಂದ. ಆ ಟ್ಯಾಂಕರ್‌ಗಳ ಓಡಾಟಕ್ಕೆ ಸವೆಯುವ ರಸ್ತೆ ನಮ್ಮದು, ದೂಳು ನಮ್ಮದು. ರೇಟು ಮಾತ್ರ ಬೆಂಗಳೂರಿನದೇ, ಪೈಸೆ ಲೆಕ್ಕದ ವ್ಯತ್ಯಾಸ.

ಕಳೆದ ಸಲ ಅಲ್ಲಿ ಹೋದಾಗ ಟೀ ಅಂಗಡಿಯ ಅಜ್ಜ ಒಬ್ಬರು ನಮ್ಮ ಕೈಲಿದ್ದ ನೋಟ್‌ಬುಕ್ ನೋಡಿ ಕೇಳಿದರು, ‘ಏನಪ್ಪ, ಪೇಪರ್‌ನೋರಾ? ಮುಂದಿನ ಎಲೆಕ್ಷನ್ ಯಾವಾಗ?’

ಯಾಕಜ್ಜ, ನಿಲ್ಲೋ ಯೋಚನೆ ಇದೆಯಾ ಅಂದೆವು.

‘ನಾನ್ಯಾಕ್ ನಿಲ್ಲಲಿ? ನನ್ ಮಗ ಸೆಕೆಂಡ್‌ಹ್ಯಾಂಡ್ ಟಿಲ್ಲರ್ ತಗೊಂಡವ್ನೆ. ಯಾವಾಗ್ ಉಳೋಕ್ ಶುರು ಮಾಡ್ಲಿ ಅಂತ ಕೇಳ್ತಾವ್ನೆ.’